ಸರ್ವೋಚ್ಚ ನ್ಯಾಯಾಲಯದ ಲಿಖಿತ ಅಭಿಪ್ರಾಯಗಳು: ಕೇಶವಾನಂದ ಮೊಕದ್ದಮೆಯನ್ನು ಕುರಿತು

ನ್ಯಾಯಾಲಯದ ತೀರ್ಪನ್ನು ಇತಿಹಾಸದ ಆಕರವಾಗಿ ಬಳಸುವಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾರ ಮಾತು ಎಂಬುದು. ಬ್ರಿಟಿಷರ ಕಾಲದಲ್ಲಿ ಭಾರತದ ಅಂತಿಮ ಮೇಲ್ಮನವಿಗಳನ್ನು ಆಲಿಸುತ್ತಿದ್ದ ಪ್ರೀವಿ ಕೌನ್ಸಿಲಿನ ನ್ಯಾಯಸಮಿತಿಯು ದೊರೆಗೆ ಸಲಹೆ ನೀಡುವ ಸಂಸ್ಥೆಯಾದುದರಿಂದ ಒಂದೇ ಅಭಿಪ್ರಾಯವನ್ನು ಕೊಡುತ್ತಿತ್ತು. ಒಳಗಿನ ಭಿನ್ನಮತ ಹೊರಗೆ ಕಾಣುತ್ತಿರಲಿಲ್ಲ. ನಮ್ಮ ಸಂವಿಧಾನವು ಬೇರೆ ದಾರಿಯನ್ನು ಹಿಡಿಯಿತು. ಅದರ 145ನೆಯ ವಿಧಿಯಂತೆ ತೀರ್ಪಿಗೆ ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲಿ ಬಹುಮತದ ಸಮ್ಮತಿ ಬೇಕು. ಒಪ್ಪದವರು ತಮ್ಮ ಭಿನ್ನಮತವನ್ನು ನೀಡಬಹುದು. ಹೀಗೆ ಸಾರಲ್ಪಟ್ಟ ನಿಯಮವು 141ನೆಯ ವಿಧಿಯ ಮೇರೆಗೆ ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧವಾದುದು. ಆದರೆ ಬಹುಮತದವರೆಲ್ಲರೂ ಒಂದೇ ಕಾರಣದಿಂದ ಒಪ್ಪಿರಬೇಕೆಂದು ಸಂವಿಧಾನವು ಹೇಳುವುದಿಲ್ಲ. ತೊಡಕಿರುವುದು ಇಲ್ಲಿಯೇ. 1950ರ ಗೋಪಾಲನ್ ಮೊಕದ್ದಮೆಯಲ್ಲಿಯೇ ಆರು ಮಂದಿ ನ್ಯಾಯಮೂರ್ತಿಗಳು ಆರು ಅಭಿಪ್ರಾಯಗಳನ್ನು ಬರೆದಿದ್ದರು.

ಈ ತೊಡಕಿನ ಪರಾಕಾಷ್ಠೆಯನ್ನು 1973ರಲ್ಲಿ ಕಾಣುತ್ತೇವೆ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನದ ವಿರುದ್ಧ 1970ರಲ್ಲಿ ಅರ್ಜಿ ಸಲ್ಲಿಸಿದರು. ಮಠದ ಜಮೀನಿನ ವಿಷಯವಾಗಿ ಹುಟ್ಟಿದ ವ್ಯಾಜ್ಯವು, ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಎಲ್ಲೆಯುಂಟೇ ಎಂಬ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಮೂರ್ತಿಗಳ ಪೀಠವು 1972ರ ಅಕ್ಟೋಬರ್ 31ರಿಂದ ಮರುವರ್ಷದ ಮಾರ್ಚ್ 23ರವರೆಗೆ ವಾದಗಳನ್ನು ಕೇಳಿ, ಏಪ್ರಿಲ್ 24ರಂದು ಹನ್ನೊಂದು ಅಭಿಪ್ರಾಯಗಳನ್ನು ನೀಡಿತು. ಇವುಗಳಲ್ಲಿ ಎರಡು ಮಾತ್ರ ಜಂಟಿ ಬರೆಹಗಳು. ಒಂದು ಶೇಲತ್ ಮತ್ತು ಗ್ರೋವರ್ ಅವರದು, ಇನ್ನೊಂದು ದಕ್ಷಿಣ ಕನ್ನಡದವರಾದ ಕೆ. ಎಸ್. ಹೆಗ್ಡೆ ಮತ್ತು ಮುಖರ್ಜಿಯಾ ಅವರದು.

ಆರು ಮಂದಿ ಸಂಸತ್ತಿನ ಅಧಿಕಾರಕ್ಕೆ ಅಂತರ್ಗತ ಮಿತಿಗಳುಂಟೆಂದರು. ಆರು ಮಂದಿ ಇಲ್ಲವೆಂದರು. ಉಳಿದವರು ನ್ಯಾಯಮೂರ್ತಿ ಖನ್ನಾ. ಅವರು ಅಂತರ್ಗತ ಮಿತಿಗಳ ವಾದವನ್ನೊಪ್ಪಲಿಲ್ಲ. ಆದರೆ ‘ತಿದ್ದುಪಡಿ’ ಎಂಬ ಪದಕ್ಕೆ ಸಂವಿಧಾನದ ಮೂಲರಚನೆಯನ್ನೇ ಅಳಿಸುವ ಅರ್ಥ ಸಲ್ಲದೆಂದರು. ಏಳು ಎಂಬ ಸಂಖ್ಯೆ ದೊರೆತುದು ಈ ಕಿರಿದಾದ ಎಡೆಯಲ್ಲಿ. ಅಂದೇ ‘ಬಹುಮತದ ನಿಲುವು’ ಎಂಬ ಚಿಕ್ಕದೊಂದು ಸಾರಾಂಶಕ್ಕೆ ಒಂಬತ್ತು ಮಂದಿ ಸಹಿ ಮಾಡಿದರು; ರೇ, ಮ್ಯಾಥ್ಯೂ, ಬೇಗ್, ದ್ವಿವೇದಿಯವರು ಮಾಡಲಿಲ್ಲ. ವಿಚಿತ್ರವೆಂದರೆ, ಸಹಿ ಮಾಡಿದವರಲ್ಲಿ ಪಾಲೇಕರ್ ಮತ್ತು ಚಂದ್ರಚೂಡರು ಮೂಲರಚನೆಯ ವಿಷಯದಲ್ಲಿ ಅಲ್ಪಮತದವರು! ನಮ್ಮ ವಿದ್ಯಾರ್ಥಿಗಳು ಓದುವುದು ಬಹುಮಟ್ಟಿಗೆ ಆ ಸಾರಾಂಶವನ್ನೇ; ಅದು ತೀರ್ಪಿನ ಫಲವನ್ನು ತಿಳಿಸುತ್ತದೆಯೇ ಹೊರತು ಕಾರಣಗಳನ್ನಲ್ಲ.

ಮರುದಿನವೇ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರ ಜ್ಯೇಷ್ಠತೆಯನ್ನು ಕಡೆಗಣಿಸಿ ರೇಯವರನ್ನು ಮುಖ್ಯ ನ್ಯಾಯಮೂರ್ತಿಗಳೆಂದು ಘೋಷಿಸಲಾಯಿತು, ಮೂವರೂ ರಾಜೀನಾಮೆಯಿತ್ತರು. ಬರೆದ ಅಭಿಪ್ರಾಯಕ್ಕೆ ತೆರಬೇಕಾದ ಬೆಲೆಯೂ ಉಂಟಷ್ಟೆ. ಮೂಲಭೂತ ಹಕ್ಕುಗಳು ಮೂಲರಚನೆಗೆ ಸೇರಿದವಲ್ಲವೆಂದು ತಾವು ಹೇಳಿರಲಿಲ್ಲವೆಂಬುದನ್ನು ಖನ್ನಾ ಅವರು 1975ರ ಇಂದಿರಾ ಗಾಂಧಿ ಚುನಾವಣಾ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ತೀರ್ಪಿನ ಮರುಪರಿಶೀಲನೆಗೆಂದು ಕೂಡಿದ ಹದಿಮೂರು ಮಂದಿಯ ಪೀಠವು ಎರಡು ದಿನಗಳ ವಿಚಾರಣೆಯ ತರುವಾಯ ವಿಸರ್ಜಿತವಾಯಿತು.

1980ರಲ್ಲಿ ಬೆಂಗಳೂರಿನ ಮಿನರ್ವ ಗಿರಣಿಯ ಮೊಕದ್ದಮೆ ಬಂದಾಗ ಮೂಲರಚನೆಯ ತತ್ತ್ವವನ್ನಾಧರಿಸಿ 42ನೆಯ ತಿದ್ದುಪಡಿಯ ಎರಡು ಭಾಗಗಳು ರದ್ದಾದುವು. ಆ ಬಹುಮತದ ಅಭಿಪ್ರಾಯವನ್ನು ಬರೆದವರು, 1973ರಲ್ಲಿ ಆ ತತ್ತ್ವವನ್ನೊಪ್ಪದಿದ್ದ ಚಂದ್ರಚೂಡರೇ.