ಕೆರೆ ಇಲ್ಲದ ಕೆರೆಯ ಊರು

ಅರಸೀಕೆರೆಯ ಕಡೆಯ ಹಳ್ಳಿಯಿಂದ ನಮ್ಮ ಸೋದರಮಾವನವರು ಕೆಲವು ವರ್ಷಗಳ ಹಿಂದೆ ಮನೆಗೆ ಬಂದಿದ್ದರು. ಸಂಜೆ ಅವರನ್ನು ವಳ್ಳುವರ್ ಕೋಟ್ಟಂ ತೋರಿಸಲೆಂದು ಕರೆದುಕೊಂಡು ಹೊರಟೆವು. ದಾರಿಯಲ್ಲಿ 'ಲೇಕ್ ಏರಿಯಾ', 'ಟ್ಯಾಂಕ್ ಬಂಡ್ ರೋಡ್' ಎಂಬ ಹಲಗೆಗಳನ್ನು ನಾವು ಓದಿ ಹೇಳಿದಾಗ ಅವರು ನಿಂತುಬಿಟ್ಟರು. "ಏರಿ ಇದೆ ಅಂತೀಯ, ಕೆರೆ ಎಲ್ಲಪ್ಪ?" ಎಂದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ ನುಂಗಂಬಾಕ್ಕಂ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಇಳಿದು ಹತ್ತಿದ ನಮಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅವರು ಊರಿಗೆ ಹಿಂದಿರುಗಿದ ಮೇಲೆ ನಾವು ಹುಡುಕಿ ಓದಿ ತಿಳಿದುಕೊಂಡ ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ನುಂಗಂಬಾಕ್ಕಂ ಮೂಲತಃ ಒಂದು ಹಳ್ಳಿ. ಕೋಡಂಬಾಕ್ಕಂ, ಮೀನಂಬಾಕ್ಕಂ, ವಿಲ್ಲಿವಾಕ್ಕಂಗಳ ಹಾಗೆ ಈ ಹೆಸರಿನ ಬಾಲದಲ್ಲಿರುವ 'ಪಾಕ್ಕಂ' ಎಂಬುದಕ್ಕೆ ಊರೆಂದೇ ಅರ್ಥ. 1708ರಲ್ಲಿ ಕರ್ನಾಟಿಕ್ ನವಾಬ ದಾವೂದ್ ಖಾನನು ಈಸ್ಟ್ ಇಂಡಿಯಾ ಕಂಪನಿಗೆ ಐದು ಹಳ್ಳಿಗಳನ್ನು ಬಿಟ್ಟುಕೊಟ್ಟನು. ತಿರುವೊತ್ತಿಯೂರು, ಕತ್ತಿವಾಕ್ಕಂ, ವ್ಯಾಸರ್ಪಾಡಿ, ಸಾತ್ತಂಗಾಡುಗಳ ಜೊತೆಗೆ ನುಂಗಂಬಾಕ್ಕಂ ಕೂಡ ಆ ಪಟ್ಟಿಯಲ್ಲಿತ್ತು. ಶಿವನೂ ವಿಷ್ಣುವೂ ಒಂದೇ ಆವರಣದಲ್ಲಿರುವ ಅಗಸ್ತ್ಯೇಶ್ವರ ಮತ್ತು ಪ್ರಸನ್ನ ವೆಂಕಟೇಶ ಪೆರುಮಾಳ್ ದೇವಸ್ಥಾನ ಇಂದಿಗೂ ಹಳೆಯ ಊರಿನ ನೆನಪನ್ನು ಹೊತ್ತು ನಿಂತಿದೆ.

ಊರೆಂದ ಮೇಲೆ ಕೆರೆ ಇರಲೇಬೇಕಲ್ಲ! ಇಲ್ಲಿನ ಕೆರೆ ಸಾಮಾನ್ಯದ್ದಲ್ಲ. ದಕ್ಷಿಣದ ಮಾಂಬಲಂ, ಮೈಲಾಪುರದ ಕಡೆಯ ನೀರಿನೊಡನೆ ಸೇರಿ ಹಬ್ಬಿದ್ದ ಆ ಜಲರಾಶಿಯನ್ನು ಇಂಗ್ಲಿಷರು 'ಲಾಂಗ್ ಟ್ಯಾಂಕ್' ಎಂದು ಕರೆದರು. ನಗರ ಬೆಳೆಯಿತು, ಮನೆಗಳಿಗೆ ನೆಲ ಬೇಕಾಯಿತು. 1920ರ ದಶಕದಲ್ಲಿ ಕೆರೆಯನ್ನು ಬರಿದು ಮಾಡಿ ತ್ಯಾಗರಾಯನಗರವನ್ನು ಕಟ್ಟಲು ತೊಡಗಿದರು. ನುಂಗಂಬಾಕ್ಕಂ ಭಾಗದಲ್ಲಿ ಉಳಿದದ್ದೂ ಕಾಲಕ್ರಮದಲ್ಲಿ ಮುಚ್ಚಿಹೋಯಿತು. 1976ರಲ್ಲಿ ತೆರೆದ ವಳ್ಳುವರ್ ಕೋಟ್ಟಂ ನಿಂತಿರುವುದೂ ಕೆರೆಯಂಗಳದಲ್ಲೇ. ನಮ್ಮ ಮಾವನವರನ್ನು ನಾವು ಕೆರೆಯ ಮೇಲೆಯೇ ನಿಲ್ಲಿಸಿದ್ದೆವು. ಅವರಿಗೂ ತಿಳಿಯದು, ನಮಗೂ ತಿಳಿಯದು. 2015ರ ಡಿಸೆಂಬರಿನಲ್ಲಿ ನಗರವೆಲ್ಲ ನೀರಿನಲ್ಲಿ ಮುಳುಗಿದಾಗ ಮಾತ್ರ, ನೀರು ತನ್ನ ಹಳೆಯ ಮನೆಯನ್ನು ಮರೆಯುವುದಿಲ್ಲವೆಂದು ನಮ್ಮಲ್ಲಿ ಹಲವರಿಗೆ ಮನವರಿಕೆಯಾಯಿತು.

ಈ ಹಳ್ಳಿಗೆ ಇನ್ನೊಂದು ಹಿರಿಮೆಯುಂಟು. ಕಾಲೇಜ್ ರಸ್ತೆಯ ಹವಾಮಾನ ಕಚೇರಿಯ ಆವರಣದಲ್ಲಿ ಸುಮಾರು 15 ಅಡಿ ಎತ್ತರದ ಗ್ರಾನೈಟ್ ಕಂಬವೊಂದಿದೆ. ಅದರ ಮೇಲೆ 1792ನೆಯ ಇಸವಿಯನ್ನೂ ಮೈಕೆಲ್ ಟಾಪಿಂಗನ ಹೆಸರನ್ನೂ ಕೆತ್ತಿದ್ದಾರೆ. ತಮಿಳು, ತೆಲುಗುಗಳಲ್ಲೂ ಬರಹವಿದೆ. ಕಂಪನಿಯವರು ಕಟ್ಟಿಸಿದ ಮದರಾಸು ಖಗೋಳ ವೀಕ್ಷಣಾಲಯದಲ್ಲಿ ದೂರದರ್ಶಕ ಯಂತ್ರವನ್ನು ಅಲುಗದಂತೆ ಹಿಡಿದಿಡಲು ನಿಲ್ಲಿಸಿದ ಕಂಬ ಇದು. ಒಂದು ಕಾಲಕ್ಕೆ ದೇಶದ ರೈಲುಗಳು ಓಡುತ್ತಿದ್ದದ್ದು ಇಲ್ಲಿಂದ ಬಂದ 'ಮದರಾಸು ಸಮಯ'ದ ಪ್ರಕಾರ. ಈ ಸ್ಥಳ ಸುಮಾರು ಎಂಬತ್ತೂಕಾಲು ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನದ ಆಧಾರ ಎಂಬತ್ತೆರಡೂವರೆ ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನುಂಗಂಬಾಕ್ಕಂ ಗಡಿಯಾರ ನಮ್ಮ ಕೈಗಡಿಯಾರಕ್ಕಿಂತ ಒಂಬತ್ತು ನಿಮಿಷ ಹಿಂದೆ.

ಕನ್ನಡನಾಡಿಗೂ ಈ ಅಂಗಳಕ್ಕೂ ನಂಟಿದೆ. ಮೈಸೂರು ಸೀಮೆಯ ಗಡಿಯನ್ನು ಅಳೆಯುವಾಗ 1802ರಲ್ಲಿ ಕೋಲಾರದ ಊರಿಗಾಂ, ಮಾರಿಕುಪ್ಪಂಗಳ ಕಡೆ ಚಿನ್ನವಿರುವುದನ್ನು ಕಂಡು ವರದಿ ಬರೆದ ಜಾನ್ ವಾರನ್ನನೇ 1805ರಿಂದ 1811ರವರೆಗೆ ಇಲ್ಲಿ ಹಂಗಾಮಿ ಖಗೋಳಜ್ಞನಾಗಿದ್ದನು. ಫ್ರೆಂಚ್ ಮನೆತನದ ಈತ ಮುಂದೆ ನಮ್ಮ ಪಂಚಾಂಗ ಗಣಿತವನ್ನು ಕುರಿತು 'ಕಾಲಸಂಕಲಿತ' ಎಂಬ ದೊಡ್ಡ ಗ್ರಂಥವನ್ನು ಬರೆದನು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದವರು ಇಲ್ಲಿನ ಒಬ್ಬ ಸಹಾಯಕರು, ಚಿಂತಾಮಣಿ ರಘುನಾಥಾಚಾರಿ. ಪಂಚಾಂಗಕರ್ತರ ವಂಶದ ಅವರು ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿ ಸುಮಾರು 40 ವರ್ಷ ದುಡಿದು ಮೊದಲನೆಯ ಸಹಾಯಕರಾದರು. ಮೇಲಧಿಕಾರಿ ಪಾಗ್ಸನ್ ಸಾಹೇಬನು 1861ರಲ್ಲಿ ಇಲ್ಲಿಂದ 'ಏಷ್ಯಾ' ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದು ಖ್ಯಾತನಾಗಿದ್ದನು. ರಘುನಾಥಾಚಾರಿಯವರು 1867ರಲ್ಲಿ ಬೆಳಕು ಏರಿಳಿಯುವ ಹೊಸ ನಕ್ಷತ್ರವೊಂದನ್ನು ಗುರುತಿಸಿದರು. 1868ರ ಪೂರ್ಣ ಸೂರ್ಯಗ್ರಹಣವನ್ನು ವನಪರ್ತಿಯಲ್ಲಿ ವೀಕ್ಷಿಸಿದರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯರಾದರು.

1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ದಾಟಿ ಹೋಗುವುದಿತ್ತು. ಜನರಿಗೆ ಇದನ್ನು ತಿಳಿಸಬೇಕೆಂದು ಅವರು ಸಾಂಪ್ರದಾಯಿಕ ಪಂಡಿತನಿಗೂ ಖಗೋಳಜ್ಞನಿಗೂ ನಡೆಯುವ ಸಂವಾದದ ರೂಪದಲ್ಲಿ ಒಂದು ಪುಸ್ತಿಕೆಯನ್ನು ಬರೆದರು. ಅದು ಇಂಗ್ಲಿಷಿನಲ್ಲಷ್ಟೇ ಅಲ್ಲ, ಕನ್ನಡದಲ್ಲೂ ಹೊರಬಂದಿತು. ಕಚೇರಿಯ ಕೆಲಸ ಮುಗಿಸಿದ ಮೇಲೆ, ತನಗೆ ತಿಳಿದದ್ದು ತನ್ನ ಜನಕ್ಕೂ ತಿಳಿಯಲೆಂದು ದೀಪದ ಮುಂದೆ ಕೂತು ಬರೆದಿರಬಹುದಾದ ಆ ಸಹಾಯಕರನ್ನು ನೆನೆದಾಗ, ಫೈಲುಗಳ ನಡುವೆ ಆಯುಸ್ಸು ಕಳೆಯುವ ನಮಗೆ ಹೆಮ್ಮೆಯೂ ಆಗುತ್ತದೆ, ತುಸು ನಾಚಿಕೆಯೂ ಆಗುತ್ತದೆ. ಅವರು 1880ರಲ್ಲಿ ತೀರಿಕೊಂಡರು.

1899ರಲ್ಲಿ ಖಗೋಳ ವಿಭಾಗ ಕೊಡೈಕಾನಲ್ಲಿಗೆ ಹೋಯಿತು. ಮಳೆ ಬಿಸಿಲು ಅಳೆಯುವ ಕೆಲಸ ಮಾತ್ರ ಇಲ್ಲಿಯೇ ಉಳಿಯಿತು. ಕೊಡೈಕಾನಲ್ಲಿನ ಸಂಸ್ಥೆಯೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ, 1975ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಬೆಂಗಳೂರಿಗೆ ತಂದಿತು. ಹೀಗೆ ನುಂಗಂಬಾಕ್ಕಂನಲ್ಲಿ ಬೇರೂರಿದ ಮರ ಇಂದು ಕೋರಮಂಗಲದಲ್ಲಿ ಫಲ ಬಿಡುತ್ತಿದೆ. ನಾವು ಕನ್ನಡಿಗರು ಅನ್ನ ಹುಡುಕಿಕೊಂಡು ಅಲ್ಲಿಂದ ಇಲ್ಲಿಗೆ ಬಂದೆವು. ವಿದ್ಯೆ ಇಲ್ಲಿಂದ ಅಲ್ಲಿಗೆ ಹೋಯಿತು.

ಹುಟ್ಟಿದೂರಿನ ಕೆರೆ, ಗುಡಿ, ಕಲ್ಲುಗಳ ಕಥೆ ನಮಗೆ ಬಾಯಿಪಾಠ. ಬಾಳುತ್ತಿರುವ ಊರಿನ ಕಥೆ ಬೇಡವೆ? ನಮ್ಮ ಮಕ್ಕಳಿಗೆ ಹುಟ್ಟಿದೂರು ಇದೇ. ಅವರು ಎಂದಾದರೂ ಅರಸೀಕೆರೆಯ ಅಜ್ಜನಂತೆ "ಕೆರೆ ಎಲ್ಲಿ?" ಎಂದು ಕೇಳಿದರೆ ನಾವು ಬೆಪ್ಪಾಗಿ ನಿಲ್ಲಬಾರದು. ಕೆರೆಯನ್ನು ಮರಳಿ ತರಲು ನಮ್ಮಿಂದಾಗದು. ಅದು ಇಲ್ಲಿತ್ತೆಂದು ಬೆರಳು ಮಾಡಿ ತೋರಿಸಲಾದರೂ ಆದೀತು.