ಕಾವಲಿಗೆ ನಿಂತವರು

ಸಹಿಷ್ಣುತೆ ಎಂದರೆ ಇನ್ನೊಬ್ಬರ ದೇವರನ್ನು ಬೈಯದಿರುವುದು ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ಶ್ರವಣಬೆಳಗೊಳದ 1368ರ ಶಾಸನ ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ.

ಆಗ ವಿಜಯನಗರದ ಅರಸ ಬುಕ್ಕರಾಯ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹುಟ್ಟಿತು. ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸ ಅವರ ಕೈಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ. ಎರಡೂ ದರ್ಶನಗಳಿಗೆ ಭೇದವಿಲ್ಲವೆಂದ. ಪಂಚಮಹಾವಾದ್ಯಗಳೂ ಕಳಶವೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು, ಅವರಿಗಾದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಬಗೆಯಬೇಕು ಎಂದು ಕಟ್ಟುಮಾಡಿದ.

ತೀರ್ಪು ಮಾತಿನಲ್ಲೇ ಮುಗಿಯಲಿಲ್ಲ. ಜೈನರು ಮನೆಗೊಂದರಂತೆ ವರ್ಷಕ್ಕೊಂದು ಹಣ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರು. ಉಳಿದದ್ದು ಜೀರ್ಣ ಜಿನಾಲಯಗಳ ದುರಸ್ತಿಗೆ. ಆ ಕಾವಲನ್ನು ನೇಮಿಸಬೇಕಾದವರು ಶ್ರೀವೈಷ್ಣವರು!

ಖರ್ಚು ಜೈನರದೇ ಆಯಿತಲ್ಲ ಎಂದು ಕೇಳಬಹುದು. ನಿಜ, ಅದು ಸಮಾನತೆಯ ಕಾಲವಲ್ಲ. ಆದರೆ ಹೊಣೆ ಬಿದ್ದದ್ದು ಬಲವಿದ್ದವರ ಮೇಲೆ.

ಇಂದು ಗಲಭೆಯಾದ ಊರುಗಳಲ್ಲಿ ಗುಡಿಗೂ ಮಸೀದಿಗೂ ಪೊಲೀಸರು ಕಾವಲಿರುತ್ತಾರೆ. ನೆರೆಯವರ ಗುಡಿಯ ಬಾಗಿಲಲ್ಲಿ ನಾವು, ನಮ್ಮ ಮಸೀದಿಯ ಬಾಗಿಲಲ್ಲಿ ಅವರು ನಿಂತ ದಿನ ಆ ಪೊಲೀಸರು ನೆಮ್ಮದಿಯಿಂದ ಮನೆಗೆ ಹೋಗಬಹುದು.