ಊರ ನಾಟಕ, ಶಾಲೆಯ ನಾಟಕ: ಮೈಸೂರು ಸೀಮೆಯ ರಂಗೋತ್ಸವಗಳ ಹಿನ್ನೆಲೆ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ನಾಟಕವು ಎರಡು ನೆಲೆಗಳಲ್ಲಿ ಬೆಳೆದು ಬಂದಿದೆ. ಒಂದು, ಊರಿನವರು ಕೂಡಿ ಆಡುವ ಪೌರಾಣಿಕ ನಾಟಕ. ಇನ್ನೊಂದು, ಪ್ರೌಢಶಾಲೆಯ ವಾರ್ಷಿಕೋತ್ಸವದ ನಾಟಕ. ಎಷ್ಟೋ ಊರುಗಳಲ್ಲಿ ಇವೆರಡೂ ನಡೆಯುವುದು ಒಂದೇ ಮೈದಾನದಲ್ಲಿ. ಆದರೂ ಇವುಗಳ ನಡುವೆ ಕೊಡುಕೊಳೆ ಕಡಿಮೆ. ಸಮುದಾಯ ಮತ್ತು ಶಾಲೆಗಳನ್ನು ಒಂದೇ ವೇದಿಕೆಗೆ ತರುವ ಪ್ರಾದೇಶಿಕ ರಂಗೋತ್ಸವದ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿಯೇ ಪರಿಶೀಲಿಸಬೇಕಾಗುತ್ತದೆ.

ಊರ ನಾಟಕದ ಮೂಲವನ್ನು ವೃತ್ತಿ ಕಂಪನಿಗಳಲ್ಲಿ ಗುರುತಿಸಬಹುದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ರೂಪುಗೊಂಡಿತು; 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಕಂಪನಿಗಳ ಕಂದ, ವೃತ್ತ, ಮಟ್ಟುಗಳು ಹಾರ್ಮೋನಿಯಂ ಮೇಷ್ಟ್ರುಗಳ ಮೂಲಕ ಹಳ್ಳಿಗಳನ್ನು ಸೇರಿದವು. ಸುಗ್ಗಿ ಮುಗಿದ ಮೇಲೆ ಮೇಷ್ಟ್ರನ್ನು ಗೊತ್ತು ಮಾಡಿ, ತಿಂಗಳುಗಟ್ಟಲೆ ರಾತ್ರಿಯ ಹೊತ್ತು ತಾಲೀಮು ನಡೆಸಿ, ಸೀನರಿಯನ್ನೂ ಉಡುಪನ್ನೂ ಬಾಡಿಗೆಗೆ ತಂದು, ‘ಕುರುಕ್ಷೇತ್ರ’ದಂತಹ ನಾಟಕವನ್ನು ಬೆಳಗಿನವರೆಗೆ ಆಡುವುದು ರೂಢಿ. ಇಲ್ಲಿ ಪಾತ್ರಧಾರಿಗಳೇ ಹಣ ಹಾಕುತ್ತಾರೆ. ದುರ್ಯೋಧನನಂತಹ ದೊಡ್ಡ ಪಾತ್ರಕ್ಕೆ ಹೆಚ್ಚು, ಚಿಕ್ಕ ಪಾತ್ರಕ್ಕೆ ಕಡಿಮೆ. ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದುಂಟು. ಯಾವ ಅನುದಾನವೂ ಇಲ್ಲದೆ ಉಳಿದುಬಂದಿರುವುದು ಈ ಪರಂಪರೆಯ ಹಿರಿಮೆ. ಆದರೆ ಹಣವಿಲ್ಲದವನಿಗೆ, ಊರ ಹೆಣ್ಣುಮಕ್ಕಳಿಗೆ ರಂಗದ ಮೇಲೆ ಸ್ಥಾನವಿರಲಿಲ್ಲವೆಂಬುದು ಅದರ ಮಿತಿ.

ಶಾಲೆಯ ನಾಟಕಕ್ಕೆ ಬೇರೊಂದು ಚರಿತ್ರೆಯಿದೆ. ಕೈಲಾಸಂ ಅವರು ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯ ವಿದ್ಯೆಯನ್ನೇ ವಿಡಂಬನೆಗೆ ಗುರಿಮಾಡಿದರು. ಮೈಸೂರಿನಲ್ಲಿ ಓದಿ ಅಲ್ಲಿಯೇ ಅಧ್ಯಾಪಕರಾದ ಕುವೆಂಪು ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ಗಳನ್ನು ಮಕ್ಕಳಿಗಾಗಿ ಬರೆದರು. ಹೀಗೆ ಕೃತಿಗಳು ದೊರೆತರೂ ಪ್ರಯೋಗವು ಆಸಕ್ತ ಅಧ್ಯಾಪಕರೊಬ್ಬರನ್ನೇ ಅವಲಂಬಿಸಿತ್ತು. ಅವರಿಗೆ ವರ್ಗಾವಣೆಯಾದೊಡನೆ ಆ ಶಾಲೆಯ ನಾಟಕವೂ ನಿಲ್ಲುತ್ತಿತ್ತು. ಊರ ನಾಟಕದ ಮೇಷ್ಟ್ರು ಅದೇ ಊರಿನಲ್ಲಿದ್ದರೂ ಶಾಲೆ ಅವರನ್ನು ಕರೆಯುತ್ತಿದ್ದುದು ವಿರಳ.

ಈ ಎರಡು ನೆಲೆಗಳನ್ನು ಹತ್ತಿರ ತಂದದ್ದು 20ನೆಯ ಶತಮಾನದ ಉತ್ತರಾರ್ಧದ ರಂಗಚಳವಳಿಗಳು. 1975ರಲ್ಲಿ ಆರಂಭವಾದ ‘ಸಮುದಾಯ’ವು 1979ರ ಜಾಥಾದ ಮೂಲಕ ಬೀದಿನಾಟಕವನ್ನು ರಾಜ್ಯದಾದ್ಯಂತ ಕೊಂಡೊಯ್ದಿತು. ಸೀನರಿ, ಬಾಡಿಗೆಯ ಉಡುಪುಗಳಿಲ್ಲದೆಯೂ ನಾಟಕವಾಡಬಹುದೆಂದು ಹಳ್ಳಿಯ ಯುವಕರಿಗೆ ಅದು ತೋರಿಸಿಕೊಟ್ಟಿತು. 1949ರಲ್ಲಿ ಹೆಗ್ಗೋಡಿನಲ್ಲಿ ಸ್ಥಾಪನೆಯಾದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ತಿರುಗಾಟದ ತಂಡವು ಒಂದೆರಡು ದಿನ ತಂಗಿ ಮುಂದಿನ ಊರಿಗೆ ಸಾಗುತ್ತದೆ. ಶಿಕ್ಷಣ ಪಡೆದ ರಂಗಕರ್ಮಿಯಾದರೋ ತನ್ನ ಊರಿಗೆ ಮರಳಿ ಅಲ್ಲಿಯೇ ನೆಲೆಸುತ್ತಾನೆ. ಪ್ರದರ್ಶನ ಮತ್ತು ಶಿಕ್ಷಣ ಜೊತೆಜೊತೆಯಾಗಿ ಸಾಗಬೇಕೆಂಬುದು ಹೆಗ್ಗೋಡಿನ ಅನುಭವದಿಂದ ತಿಳಿದುಬರುವ ಮುಖ್ಯ ಸಂಗತಿ.

ಮೈಸೂರು ಸೀಮೆಯಲ್ಲಿ ಈ ಹೊಣೆಯನ್ನು ಹೊತ್ತದ್ದು ರಂಗಾಯಣ. 1989ರಲ್ಲಿ ರಾಜ್ಯ ಸರ್ಕಾರವು ಇದನ್ನು ಸ್ಥಾಪಿಸಿದಾಗ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾದರು. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿದ್ದ, ಮುಂದೆ ರಾಷ್ಟ್ರೀಯ ನಾಟಕ ಶಾಲೆಯನ್ನು ಮುನ್ನಡೆಸಿದ್ದ ಕಾರಂತರು ‘ಪಂಜರಶಾಲೆ’ಯಂತಹ ಪ್ರಯೋಗಗಳ ಮೂಲಕ ಮಕ್ಕಳ ರಂಗಭೂಮಿಗೆ ಘನತೆ ತಂದವರು. ಕಂಪನಿ ನಾಟಕದ ಸಂಗೀತ ಮತ್ತು ಮಕ್ಕಳ ಆಟ ಅವರಲ್ಲಿ ಒಂದಾಗಿ ಸೇರಿದ್ದವು. ರಂಗಾಯಣವು ಕಾಲಕ್ರಮದಲ್ಲಿ ಬೇಸಿಗೆಯ ‘ಚಿನ್ನರ ಮೇಳ’, ಹವ್ಯಾಸಿ ತಂಡಗಳಿಗಾಗಿ ‘ಗ್ರೀಷ್ಮ ರಂಗೋತ್ಸವ’, ವಿದ್ಯಾರ್ಥಿಗಳಿಗಾಗಿ ಕಾಲೇಜು ರಂಗೋತ್ಸವಗಳನ್ನು ರೂಪಿಸಿತು. ಚಿನ್ನರ ಮೇಳದಲ್ಲಿ ವಾರಗಟ್ಟಲೆ ಆಟ, ಹಾಡು, ಕರಕುಶಲಗಳಲ್ಲಿ ತೊಡಗಿದ ಮಕ್ಕಳು ಕೊನೆಗೆ ಗುಂಪು ಗುಂಪಾಗಿ ನಾಟಕವಾಡುತ್ತಾರೆ. ಇಲ್ಲಿ ಉತ್ಸವವು ಕಲಿಕೆಯ ಫಲವಾಗಿ ಬರುತ್ತದೆಯೇ ಹೊರತು ಅದರ ಬದಲಿಗೆ ಬರುವುದಿಲ್ಲ. ಆದರೆ ಇವುಗಳ ಕೇಂದ್ರವು ನಗರವಾದುದರಿಂದ ದೂರದ ತಾಲ್ಲೂಕುಗಳ ಮಕ್ಕಳು ಸುಲಭವಾಗಿ ಪಾಲ್ಗೊಳ್ಳಲಾರರು.

ಹೆಗ್ಗಡದೇವನಕೋಟೆಯ ಕಡೆಗೆ ಬಂದಾಗ ಈ ದೂರದ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ದಾರಿಗಳು ಕವಲೊಡೆಯುವೆಡೆ ನಿಲ್ಲಿಸುವ ಕೈಮರದ ಇಂಗ್ಲಿಷ್ ಹೆಸರನ್ನೇ ಹೊತ್ತ ಹ್ಯಾಂಡ್‌ಪೋಸ್ಟ್‌ನಿಂದಾಚೆಗೆ ಕಾಡಂಚಿನ ಹಾಡಿಗಳಿವೆ. ಜೇನುಕುರುಬ ಸಮುದಾಯದ ಮಕ್ಕಳ ಮನೆಮಾತಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಅಂತರವಿದೆ. ತರಗತಿಯಲ್ಲಿ ಉತ್ತರಿಸಲು ಹಿಂಜರಿಯುವ ಮಗುವಿಗೆ ಹಾಡು, ಕುಣಿತ, ಪ್ರಾಣಿಪಕ್ಷಿಗಳ ಅನುಕರಣೆಗಳು ಹೊಸವಲ್ಲ. ನಾಟಕವು ಈ ಬಲ್ಲಿಕೆಯನ್ನು ಶಾಲೆಯೊಳಕ್ಕೆ ತರಬಲ್ಲದು. ಶುದ್ಧ ಉಚ್ಚಾರಣೆಗೆ ಮಾತ್ರ ಅಂಕ ನೀಡುವ ಸ್ಪರ್ಧೆಯಾದರೆ, ಅದೇ ಮಗು ವೇದಿಕೆಯಿಂದಲೂ ದೂರ ಉಳಿಯುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಗಳೊಂದಿಗೆ ನಾಟಕವನ್ನೂ ಶಾಲಾ ಕಲಿಕೆಯ ಭಾಗವೆಂದು ಮನ್ನಿಸಿತು. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರ ನೇಮಕವೂ ಆಯಿತು. 2015ರಲ್ಲಿ ಕೇಂದ್ರ ಸರ್ಕಾರವು ಪ್ರೌಢಹಂತದ ವಿದ್ಯಾರ್ಥಿಗಳಿಗಾಗಿ ‘ಕಲಾ ಉತ್ಸವ’ವನ್ನು ಆರಂಭಿಸಿ ನಾಟಕಕ್ಕೂ ಅವಕಾಶ ಕಲ್ಪಿಸಿತು. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಆಯ್ಕೆ, ಬಹುಮಾನಗಳ ಉತ್ಸವವು ಹಂತಹಂತವಾಗಿ ಮಕ್ಕಳನ್ನು ಕಡಿಮೆ ಮಾಡುತ್ತ ಹೋಗುತ್ತದೆ. ರಂಗಶಿಕ್ಷಣವು ಮಕ್ಕಳನ್ನು ಸೇರಿಸಿಕೊಳ್ಳುತ್ತ ಹೋಗಬೇಕಾಗುತ್ತದೆ.

ಒಟ್ಟಾರೆಯಾಗಿ ನೋಡಿದಾಗ, ಊರ ನಾಟಕವನ್ನು ಉಳಿಸಿದ್ದು ಅಲ್ಲಿಯೇ ತಂಗಿ ತಾಲೀಮು ನಡೆಸಿದ ಮೇಷ್ಟ್ರು. ಶಾಲೆಯ ನಾಟಕ ಸೊರಗಿದ್ದು ಅಂಥವರು ಇಲ್ಲದುದರಿಂದ. ಆದುದರಿಂದ ಪ್ರಾದೇಶಿಕ ರಂಗೋತ್ಸವದ ಯಶಸ್ಸನ್ನು ಪ್ರದರ್ಶನಗಳ ಸಂಖ್ಯೆಯಿಂದ ಅಳೆಯುವುದು ಸಾಲದು. ಉತ್ಸವ ಮುಗಿದ ಮರುದಿನ ಆ ಶಾಲೆಯಲ್ಲಿ ತಾಲೀಮು ಮುಂದುವರಿಸುವವರು ಇದ್ದಾರೆಯೇ, ಊರ ಹಾರ್ಮೋನಿಯಂ ಮೇಷ್ಟ್ರಿಗೆ ಆ ಶಾಲೆಯ ಬಾಗಿಲು ತೆರೆದಿದೆಯೇ ಎಂಬುದೇ ಅದರ ನಿಜವಾದ ಮಾನದಂಡ.